ಒಂದು ಪೌಂಡ್ ಟಿಕೆಟ್‌ಗೆ ಹಾಲು ಉಚಿತ!

1970ರ ಆಗಸ್ಟ್ ತಿಂಗಳ ಕೊನೆಯ ವಾರ. ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಹತ್ತಿರವಿರುವ ವೈಟ್ ದ್ವೀಪದಲ್ಲಿ ಸಂಗೀತೋತ್ಸವವೊಂದು ಏರ್ಪಾಡಾಗಿತ್ತು. ಜಿಮಿ ಹೆಂಡ್ರಿಕ್ಸ್, ಜೋನ್ ಬಾಯೆಜ್, ಮೈಲ್ಸ್ ಡೇವಿಸ್ ಮೊದಲಾದ ಘಟಾನುಘಟಿಗಳೆಲ್ಲ ಬಂದಿದ್ದರು. ದೋಣಿ ಹತ್ತಿ ದ್ವೀಪಕ್ಕೆ ಬಂದಿಳಿದ ಜನ ಸುಮಾರು 6 ಲಕ್ಷ ಎಂದು ಅಂದಾಜು. ಯಾರೂ ತಲೆ ಎಣಿಸಿದ್ದಲ್ಲವಾದ್ದರಿಂದ ಈ ಅಂಕಿಯಲ್ಲಿ ಉತ್ಪ್ರೇಕ್ಷೆ ಇದ್ದೀತು. ಅರ್ಧಕ್ಕೆ ಇಳಿಸಿದರೂ ಅದು ಆ ದ್ವೀಪದ ನಿವಾಸಿಗಳ ಸಂಖ್ಯೆಯನ್ನು ಮೀರಿಸುತ್ತದೆ.

ಸಂಘಟಕರು ಮೈದಾನಕ್ಕೆ ಬೇಲಿ ಹಾಕಿಸಿ ಟಿಕೆಟ್ ಮಾರಿದ್ದರು. ಆದರೆ ಮೈದಾನದ ಮಗ್ಗುಲಲ್ಲೇ ಒಂದು ಗುಡ್ಡ. ಗುಡ್ಡದ ಮೇಲೆ ಕುಳಿತರೆ ವೇದಿಕೆಯೂ ಕಾಣುತ್ತದೆ, ಹಾಡೂ ಕೇಳುತ್ತದೆ. ಟಿಕೆಟ್ಟಿನ ಹಂಗೇ ಇಲ್ಲ! ಸಾವಿರಾರು ಮಂದಿ ಅಲ್ಲೇ ಬೀಡುಬಿಟ್ಟರು. ಇನ್ನು ಕೆಲವರು, ಸಂಗೀತಕ್ಕೆ ಬೇಲಿಯೇಕೆ ಎಂದು ಕೂಗಾಡುತ್ತ ಬೇಲಿಯನ್ನೇ ಕಿತ್ತರು. ಕೊನೆಗೆ ಸಂಘಟಕರು ಸೋತು, ಇನ್ನು ಪ್ರವೇಶ ಉಚಿತ ಎಂದು ಘೋಷಿಸಬೇಕಾಯಿತು. ಮರುವರ್ಷವೇ ಬ್ರಿಟಿಷ್ ಪಾರ್ಲಿಮೆಂಟು ಆ ದ್ವೀಪಕ್ಕಾಗಿಯೇ ಕಾನೂನು ಮಾಡಿತು. ಪರವಾನಗಿ ಇಲ್ಲದೆ 5,000ಕ್ಕಿಂತ ಹೆಚ್ಚು ಜನ ರಾತ್ರಿ ತಂಗುವ ಬಯಲು ಕೂಟ ಅಲ್ಲಿ ನಡೆಯುವಂತಿಲ್ಲ ಎಂದಾಯಿತು. ಆ ಉತ್ಸವ ಮತ್ತೆ ತಲೆಯೆತ್ತಿದ್ದು 2002ರಲ್ಲಿ.

ಈ ಗದ್ದಲ ಮುಗಿದು ಮೂರು ವಾರ ಕೂಡ ಆಗಿರಲಿಲ್ಲ. ಸೆಪ್ಟೆಂಬರ್ 19ರಂದು ಅದೇ ಇಂಗ್ಲೆಂಡಿನ ಸಾಮರ್‌ಸೆಟ್ ಜಿಲ್ಲೆಯ ಪಿಲ್ಟನ್ ಎಂಬ ಹಳ್ಳಿಯಲ್ಲಿ ಒಬ್ಬ ಹೈನುಗಾರ ತನ್ನ ಹೊಲದಲ್ಲಿ ಒಂದು ಪುಟ್ಟ ಸಂಗೀತ ಕೂಟ ನಡೆಸಿದ. ಟಿಕೆಟ್ ದರ ಒಂದು ಪೌಂಡ್. ಟಿಕೆಟ್ ಕೊಂಡವರಿಗೆ ಹೊಲದ ಹಸುಗಳ ಹಾಲು ಉಚಿತ! ಬಂದವರು ಹೆಚ್ಚುಕಡಿಮೆ 1,500 ಮಂದಿ. ಬಂದ ಹಣ ಖರ್ಚಿಗೆ ಸಾಲದೆ ರೈತನ ಕೈ ಸುಟ್ಟಿತು.

ಮುಂದೆ ಗ್ಲಾಸ್ಟನ್‌ಬರಿ ಉತ್ಸವ ಎಂದು ಜಗತ್ತಿಗೆಲ್ಲ ಹೆಸರಾದದ್ದು ಈ ಹಾಲಿನ ಕೂಟವೇ. 2025ರಲ್ಲಿ ಅಲ್ಲಿ ಸೇರಬಹುದಾಗಿದ್ದ ಜನರ ಮಿತಿ ಕಲಾವಿದರು, ಕೆಲಸಗಾರರೆಲ್ಲ ಸೇರಿ 2,10,000. ಟಿಕೆಟ್ ದರ 373 ಪೌಂಡ್ 50 ಪೆನ್ಸ್. ಅಷ್ಟು ದುಬಾರಿಯಾದರೂ, ಹಿಂದಿನ ವರ್ಷದ ನವೆಂಬರ್‌ನಲ್ಲಿ ಮಾರಾಟಕ್ಕಿಟ್ಟ ಟಿಕೆಟ್‌ಗಳು 35 ನಿಮಿಷದಲ್ಲಿ ಖಾಲಿ. ಯಾವ ಗಾಯಕರು ಬರುತ್ತಾರೆಂಬ ಪಟ್ಟಿ ಆಗಿನ್ನೂ ಹೊರಬಿದ್ದಿರಲೇ ಇಲ್ಲ!

ಹಾಗಾದರೆ ಲಕ್ಷಗಟ್ಟಲೆ ಜನ ಬಂದ ಹಬ್ಬ ಮುರಿದುಬಿದ್ದು, ಸಾವಿರದ ಲೆಕ್ಕದ ಹಬ್ಬ ಬೆಳೆದದ್ದು ಹೇಗೆ?

ಹಾಲಿನ ಬಟವಾಡೆಯಿಂದ ಹಾಡಿನ ಸಂಭಾವನೆ

ರೈತನ ಹೆಸರು ಮೈಕೇಲ್ ಈವಿಸ್. ಹುಟ್ಟಿದ್ದು 1935ರಲ್ಲಿ. ಹಡಗಿನ ಕೆಲಸಕ್ಕೆ ಸೇರಿದ್ದ ಹುಡುಗನಿಗೆ ತಂದೆ ತೀರಿಕೊಂಡಾಗ 19 ವರ್ಷ. ಕಡಲನ್ನು ಬಿಟ್ಟು ಊರಿಗೆ ಮರಳಿ, 150 ಎಕರೆಯ ವರ್ದಿ ಫಾರ್ಮ್ ಮತ್ತು ಸುಮಾರು 60 ಹಸುಗಳ ಜವಾಬ್ದಾರಿ ಹೊತ್ತರು. ಜಮೀನಿನ ಮೇಲೆ ಸಾಲವಿತ್ತು. 1970ರ ಜೂನ್‌ನಲ್ಲಿ ಪಕ್ಕದ ಶೆಪ್ಟನ್ ಮ್ಯಾಲೆಟ್‌ನಲ್ಲಿ ನಡೆದ ದೊಡ್ಡ ಸಂಗೀತೋತ್ಸವವನ್ನು ಕಂಡು ಬಂದಾಗ, ತಮ್ಮ ಹೊಲದಲ್ಲೂ ಇಂಥದ್ದೊಂದು ಮಾಡಿದರೆ ಸಾಲ ತೀರಿಸಬಹುದಲ್ಲ ಎಂಬ ಆಸೆ ಮೊಳೆಯಿತು.

ಆಸೆ ಫಲಿಸಲಿಲ್ಲ. ಬರಬೇಕಿದ್ದ ಮುಖ್ಯ ತಂಡ ಕೈಕೊಟ್ಟಿತು. ಬದಲಿಗೆ ಬಂದ ಮಾರ್ಕ್ ಬೋಲನ್ ಎಂಬ ಗಾಯಕನ ತಂಡಕ್ಕೆ 500 ಪೌಂಡ್ ಕೊಡಬೇಕಾಗಿತ್ತು. ಗಲ್ಲಾದಲ್ಲಿ ಅಷ್ಟು ಹಣವೇ ಇಲ್ಲ. ಈವಿಸ್ ತಿಂಗಳಿಗೆ 100 ಪೌಂಡ್‌ನಂತೆ, ಹಾಲಿನ ಬಟವಾಡೆ ಬಂದಾಗಲೆಲ್ಲ ಕಂತಿನಲ್ಲಿ ಆ ಬಾಕಿಯನ್ನು ತೀರಿಸಿದರು. ಇದು ಸಣ್ಣ ಸಂಗತಿಯಂತೆ ಕಾಣುತ್ತದೆ. ಆದರೆ ನಷ್ಟವಾದಾಗ ಕಲಾವಿದರಿಗೆ ಕೈಯೆತ್ತಿಬಿಡುವ ಸಂಘಟಕರು ಎಲ್ಲ ಕಾಲದಲ್ಲೂ ಎಲ್ಲ ದೇಶದಲ್ಲೂ ಇದ್ದಾರೆ. ಕೊಟ್ಟ ಮಾತಿಗೆ ಹಸುವಿನ ಹಾಲನ್ನೇ ಒತ್ತೆ ಇಟ್ಟ ಮನುಷ್ಯನ ಹೊಲಕ್ಕೆ ಮತ್ತೆ ಹೋಗಲು ಯಾವ ಹಾಡುಗಾರ ತಾನೆ ಹಿಂಜರಿದಾನು?

ಮರುವರ್ಷ, 1971ರಲ್ಲಿ, ಹೊಸ ಉತ್ಸಾಹಿಗಳು ಬಂದು ಸೇರಿಕೊಂಡರು. ವಿನ್‌ಸ್ಟನ್ ಚರ್ಚಿಲ್ ಅವರ ಮೊಮ್ಮಗಳು ಅರಬೆಲ್ಲಾ ಚರ್ಚಿಲ್ ಅವರಲ್ಲೊಬ್ಬರು. ಈಜಿಪ್ಟಿನ ಮಹಾ ಪಿರಮಿಡ್ಡಿನ ಹತ್ತನೇ ಒಂದರಷ್ಟು ಅಳತೆಯಲ್ಲಿ ಕೊಳವೆ, ತಗಡು, ಪ್ಲಾಸ್ಟಿಕ್ ಹಾಳೆಗಳಿಂದ ಪಿರಮಿಡ್ ಆಕಾರದ ವೇದಿಕೆ ಎದ್ದಿತು. ಪ್ರವೇಶ ಉಚಿತ. ಸುಮಾರು 12,000 ಜನ ಬಂದರು, ಖುಷಿಪಟ್ಟರು, ಹೋದರು. ಉಚಿತ ಹಬ್ಬಕ್ಕೆ ಹಣ ಸುರಿಯುವವರು ಮತ್ತೆ ಸಿಗಲಿಲ್ಲ. ಹೀಗಾಗಿ ಹಲವು ವರ್ಷ ಹಬ್ಬವೇ ಇಲ್ಲ.

1979ರಲ್ಲಿ ಮಕ್ಕಳ ವರ್ಷದ ನೆಪದಲ್ಲಿ ಮತ್ತೊಂದು ಯತ್ನ ನಡೆಯಿತು. ಈ ಬಾರಿ ಈವಿಸ್ ಜಮೀನಿನ ಪತ್ರಗಳನ್ನೇ ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ತಂದರು. ಟಿಕೆಟ್ 5 ಪೌಂಡ್. ಜನ 12,000. ಮತ್ತೆ ನಷ್ಟ! ಜನ ಬಂದರೆ ಸಾಕು ಲಾಭ ತಾನಾಗಿ ಬರುತ್ತದೆ ಎಂಬ ನಂಬಿಕೆ ಎಷ್ಟು ಪೊಳ್ಳು ಎಂಬುದಕ್ಕೆ ಆ ರೈತನ ಮೊದಲ ಹತ್ತು ವರ್ಷಗಳೇ ಸಾಕ್ಷಿ.

ತಿರುವು ಸಿಕ್ಕಿದ್ದು 1981ರಲ್ಲಿ. ಆಗ ಯುರೋಪಿನಲ್ಲಿ ಅಣ್ವಸ್ತ್ರ ವಿರೋಧಿ ಚಳವಳಿ ಕಾವೇರಿತ್ತು. ಈವಿಸ್ ಹಬ್ಬದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡು, ಬ್ರಿಟನ್ನಿನ ಅಣ್ವಸ್ತ್ರ ನಿಷೇಧ ಚಳವಳಿಯ ಜೊತೆ ಕೈಜೋಡಿಸಿದರು. ಲಾಭ ಬಂದರೆ ಚಳವಳಿಗೆ ಎಂಬ ಮಾತಾಯಿತು. ಹಬ್ಬಕ್ಕೊಂದು ಉದ್ದೇಶ ದೊರೆತದ್ದರಿಂದ ಊರೂರಿನ ಕಾರ್ಯಕರ್ತರು ಅದನ್ನು ತಮ್ಮದೇ ಕೆಲಸ ಎಂದುಕೊಂಡರು. ಜಾಹೀರಾತಿಗೆ ಹಣ ಸುರಿಯದೆಯೇ ಸುದ್ದಿ ಹಬ್ಬಿತು. 8 ಪೌಂಡ್ ಟಿಕೆಟ್ ಕೊಂಡು 18,000 ಜನ ಬಂದರು. ಖರ್ಚು ಕಳೆದು ಚಳವಳಿಗೆ 20,000 ಪೌಂಡ್ ಸಂದಾಯವಾಯಿತು.

ಆ ವರ್ಷವೇ ಒಂದು ಕಾಯಂ ಪಿರಮಿಡ್ ವೇದಿಕೆ ಕಟ್ಟಿಸಿದರು. ಟೆಲಿಫೋನ್ ಕಂಬಗಳು, ರಕ್ಷಣಾ ಇಲಾಖೆಯವರು ಬೇಡವೆಂದು ಬಿಟ್ಟ ತಗಡುಗಳು ಅದರ ಸಾಮಗ್ರಿ. ಹಬ್ಬ ಮುಗಿದ ಮೇಲೆ ಚಳಿಗಾಲದಲ್ಲಿ ಅದೇ ದನದ ಕೊಟ್ಟಿಗೆ, ಅದೇ ಮೇವಿನ ಉಗ್ರಾಣ! ವರ್ಷದಲ್ಲಿ ಮೂರು ದಿನ ಬೇಕಾಗುವ ವೇದಿಕೆಯನ್ನು ಉಳಿದ ದಿನಗಳಲ್ಲಿ ಹಸುಗಳಿಗೆ ಬಿಟ್ಟುಕೊಡುವ ಈ ಬುದ್ಧಿ ಓದಿನಿಂದ ಬರುವಂಥದ್ದಲ್ಲ.

ಲೆಕ್ಕ ಗೊತ್ತಿಲ್ಲದ ಜನ

1983ರಿಂದ ಇಂಥ ಬಯಲು ಉತ್ಸವಗಳಿಗೆ ಸ್ಥಳೀಯ ಆಡಳಿತದ ಪರವಾನಗಿ ಕಡ್ಡಾಯವಾಯಿತು. ಮೊದಲ ಪರವಾನಗಿಯ ಮಿತಿ 30,000 ಜನ. ಮಿತಿ ಹೆಚ್ಚಬೇಕೆಂದರೆ ರಸ್ತೆ, ನೀರು, ಪಾಯಿಖಾನೆ, ಆಸ್ಪತ್ರೆ ಎಲ್ಲಕ್ಕೂ ಸಮಾಧಾನಕರ ಉತ್ತರ ಕೊಡಬೇಕು. ನಿಯಮ ಮೀರಿದ ಆರೋಪದ ಮೇಲೆ ಈವಿಸ್ ನ್ಯಾಯಾಲಯದ ಮೆಟ್ಟಿಲೂ ಹತ್ತಿದರು. 1985ರ ಹೊತ್ತಿಗೆ ವರ್ದಿ ಫಾರ್ಮ್ ಇಕ್ಕಟ್ಟಾಯಿತು. ಪಕ್ಕದ ಇನ್ನೊಂದು ಜಮೀನನ್ನು ಕೊಂಡು 100 ಎಕರೆ ಸೇರಿಸಿದರು. ಜನರ ಸಂಖ್ಯೆ 40,000, 60,000, 80,000 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿತು.

1994ರಲ್ಲಿ ಎರಡು ಘಟನೆಗಳಾದವು. ಹಬ್ಬಕ್ಕೆ ಕೆಲವೇ ದಿನಗಳಿರುವಾಗ ಆ ಕೊಟ್ಟಿಗೆ ವೇದಿಕೆ ಸುಟ್ಟು ಬೂದಿಯಾಯಿತು. ತರಾತುರಿಯಲ್ಲಿ ಬದಲಿ ವ್ಯವಸ್ಥೆ ಮಾಡಿ ಹಬ್ಬ ನಡೆಸಿದರು. ಇನ್ನೊಂದು, ಬ್ರಿಟನ್ನಿನ ಟಿ.ವಿ. ವಾಹಿನಿಯೊಂದು ಮೊದಲ ಬಾರಿಗೆ ಹಬ್ಬವನ್ನು ನೇರ ಪ್ರಸಾರ ಮಾಡಿತು. ಮನೆಯಲ್ಲೇ ಬಿಟ್ಟಿ ನೋಡುವಂತಾದರೆ ಟಿಕೆಟ್ ಕೊಳ್ಳುವವರಾರು? ಯಾರಿಗಾದರೂ ಈ ಅನುಮಾನ ಬರುವುದು ಸಹಜ. ಆದದ್ದೇ ಬೇರೆ. ಮರುವರ್ಷ 80,000 ಟಿಕೆಟ್‌ಗಳು ಒಂದೇ ತಿಂಗಳಲ್ಲಿ ಮುಗಿದವು. ಅಲ್ಲಿಗೆ ಹೋಗಬೇಕೆನ್ನುವ ಆಸೆಯನ್ನು ಟಿ.ವಿ. ತಣಿಸುವ ಬದಲು ಕೆರಳಿಸಿತ್ತು. 1997ರಿಂದ ಬಿ.ಬಿ.ಸಿ. ಈ ಪ್ರಸಾರದ ಹೊಣೆ ಹೊತ್ತುಕೊಂಡಿತು.

ಆಸೆ ಹೆಚ್ಚಾದಂತೆ ಹೊಸ ತಲೆನೋವು. 1995ರಲ್ಲಿ ಬೇಲಿ ಕೆಡವಿ ಸಾವಿರಾರು ಜನ ನುಗ್ಗಿದರು. 2000ದ ಹಬ್ಬದಲ್ಲಂತೂ ಟಿಕೆಟ್ ಕೊಂಡವರು ಒಂದು ಲಕ್ಷವಾದರೆ, ಬೇಲಿ ಹಾರಿದವರೂ ಹೆಚ್ಚುಕಡಿಮೆ ಅಷ್ಟೇ ಎಂದು ಅಂದಾಜು ಮಾಡಲಾಯಿತು. ಆಗಿನ ಟಿಕೆಟ್ ದರ 87 ಪೌಂಡ್. ಗುಣಿಸಿ ನೋಡಿ: 87 ಲಕ್ಷ ಪೌಂಡ್! ಬೇಲಿ ಹಾರಿದವರೆಲ್ಲ ಬೇಲಿ ಗಟ್ಟಿಯಾಗಿದ್ದರೆ ಟಿಕೆಟ್ ಕೊಳ್ಳುತ್ತಿದ್ದರು ಎನ್ನಲಾಗದು, ನಿಜ. ಆದರೂ ಮೊತ್ತ ದೊಡ್ಡದೇ.

ಹಣಕ್ಕಿಂತ ಭಯಂಕರವಾದ ಲೆಕ್ಕ ಬೇರೆ ಇತ್ತು. ಒಂದು ಲಕ್ಷ ಜನರಿಗೆಂದು ಮಾಡಿದ ದಾರಿ, ನೀರು, ಶುಶ್ರೂಷೆಯ ಏರ್ಪಾಡಿನೊಳಗೆ ಎರಡು ಲಕ್ಷ ಜನ. ಅದೃಷ್ಟವಶಾತ್ ಆ ವರ್ಷ ಅಲ್ಲಿ ನೂಕುನುಗ್ಗಲಿನ ದುರಂತವಾಗಲಿಲ್ಲ. ಆದರೆ ಆ ಹಬ್ಬ ಮುಗಿದ ಮರುವಾರವೇ, ಜೂನ್ 30ರಂದು, ಡೆನ್ಮಾರ್ಕಿನ ರೋಸ್ಕಿಲ್ಡೆ ಸಂಗೀತೋತ್ಸವದಲ್ಲಿ ವೇದಿಕೆಯ ಮುಂದಿನ ಜನದಟ್ಟಣೆಯಲ್ಲಿ ಸಿಲುಕಿ ಒಂಬತ್ತು ಯುವಕರು ಸತ್ತರು. ಅವರೆಲ್ಲ ಹಾಡು ಕೇಳಲು ಬಂದ ಮನೆಮಕ್ಕಳು.

ಜನಸಂದಣಿ ಹೇಗೆ ಕೊಲ್ಲುತ್ತದೆ? ವಿದ್ಯಾರ್ಥಿಗಳು ಇದನ್ನು ತಿಳಿದಿರುವುದು ಒಳ್ಳೆಯದು. ಜಾತ್ರೆ, ರೈಲು ನಿಲ್ದಾಣ, ಕ್ರೀಡಾಂಗಣ ಎಲ್ಲಿಗೂ ಇದು ಅನ್ವಯ. ನೆಲದ ಮೇಲೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಎಳೆಯಿರಿ. ಅದರಲ್ಲಿ ಇಬ್ಬರು ನಿಂತರೆ ಆರಾಮ. ನಾಲ್ವರು ನಿಂತರೆ ಮೈಗೆ ಮೈ ತಾಗುತ್ತದೆ, ಆದರೂ ಹೆಜ್ಜೆ ಇಡಬಹುದು. ಐದು, ಆರು ಜನ ದಾಟಿತೆಂದರೆ ಪ್ರತಿಯೊಬ್ಬನೂ ತನ್ನ ಕಾಲ ಮೇಲಿನ ಹಿಡಿತ ಕಳೆದುಕೊಳ್ಳುತ್ತಾನೆ. ಆಗ ಗುಂಪು ಬಿಡಿಬಿಡಿ ಮನುಷ್ಯರಂತೆ ವರ್ತಿಸದೆ ದ್ರವದಂತೆ ವರ್ತಿಸತೊಡಗುತ್ತದೆ. ಹಿಂದಿನಿಂದ ಬಂದ ಒಂದು ತಳ್ಳು ನೀರಿನ ಅಲೆಯಂತೆ ಮುಂದಕ್ಕೆ ಸಾಗುತ್ತದೆ. ಮುಂದಿದ್ದವರು ಕಿರುಚಿದ್ದು ಹಿಂದಿದ್ದವರಿಗೆ ಕೇಳುವುದಿಲ್ಲ. ಎದೆ ಹಿಗ್ಗಲು ಜಾಗವಿಲ್ಲದೆ ಉಸಿರು ಕಟ್ಟುತ್ತದೆ. ಇಂಥ ದುರಂತಗಳಲ್ಲಿ ಕಾಲ್ತುಳಿತ ಎಂದು ಪತ್ರಿಕೆಗಳು ಬರೆದರೂ, ಎಷ್ಟೋ ಜನ ತುಳಿತಕ್ಕಲ್ಲ, ನಿಂತಲ್ಲೇ ಉಸಿರುಗಟ್ಟಿ ಸಾಯುತ್ತಾರೆ.

ಇಲ್ಲಿ ಸರಾಸರಿ ಎಂಬ ಲೆಕ್ಕ ಮೋಸಮಾಡುತ್ತದೆ. ಈಗಿನ ಗ್ಲಾಸ್ಟನ್‌ಬರಿ ಬಯಲನ್ನು 900 ಎಕರೆ ಎಂದಿಟ್ಟುಕೊಂಡರೆ ಸುಮಾರು 36 ಲಕ್ಷ ಚದರ ಮೀಟರ್. 2,10,000 ಜನರಿಗೆ ಹಂಚಿದರೆ ತಲೆಗೆ 17 ಚದರ ಮೀಟರ್, ಒಂದು ಸಣ್ಣ ಕೋಣೆಯಷ್ಟು ಜಾಗ! ಆದರೆ ಜನ ಹಂಚಿಕೊಂಡು ನಿಲ್ಲುತ್ತಾರೆಯೇ? ಪ್ರಸಿದ್ಧ ಗಾಯಕ ಬಂದಾಗ ಎಲ್ಲರಿಗೂ ವೇದಿಕೆಯ ಮುಂದಿನ ಅದೇ ತುಂಡು ನೆಲವೇ ಬೇಕು. ಹಾಗಾಗಿ ಒಂದು ಹಬ್ಬಕ್ಕೆ ಎಷ್ಟು ಟಿಕೆಟ್ ಮಾರಬಹುದು ಎಂಬುದನ್ನು ಒಟ್ಟು ಎಕರೆಯಷ್ಟೇ ತೀರ್ಮಾನಿಸಲಾರದು. ಕಿರಿದಾದ ದಾರಿ, ಕಿಕ್ಕಿರಿಯುವ ಮೂಲೆ ಇವನ್ನೂ ನೋಡಬೇಕು. ಗ್ಲಾಸ್ಟನ್‌ಬರಿಯವರು ವೇದಿಕೆಗಳ ಸಂಖ್ಯೆಯನ್ನು ನೂರಕ್ಕೂ ಮೀರಿ ಬೆಳೆಸಿದ್ದರಿಂದ ಈ ವಿಷಯದಲ್ಲೂ ಪ್ರಯೋಜನವಾಯಿತು. ಒಂದೇ ಹೊತ್ತಿಗೆ ಸರ್ಕಸ್, ನಾಟಕ, ಮಕ್ಕಳ ಆಟ, ಹಾಡು ಎಲ್ಲ ನಡೆಯುತ್ತಿದ್ದರೆ ಜನ ಚದುರುತ್ತಾರೆ.

2001ರಲ್ಲಿ ಈವಿಸ್ ಹಬ್ಬವನ್ನೇ ನಿಲ್ಲಿಸಿದರು. ಸುರಕ್ಷತೆಗೆ ದಾರಿ ಕಾಣುವವರೆಗೆ ಹಬ್ಬ ಬೇಡ ಎಂದು. ಬೇಡಿಕೆ ತುತ್ತತುದಿಯಲ್ಲಿದ್ದಾಗ ಅಂಗಡಿ ಮುಚ್ಚುವ ಧೈರ್ಯ ಎಷ್ಟು ವ್ಯಾಪಾರಿಗಳಿಗಿದೆ?

ಬೇಲಿಯ ಗಣಿತ

2002ರಲ್ಲಿ ಹಬ್ಬ ಮರಳಿದಾಗ ಸುತ್ತಲೂ 12 ಅಡಿ ಎತ್ತರದ ಉಕ್ಕಿನ ಬೇಲಿ ಎದ್ದಿತ್ತು. ಅದಕ್ಕೆ ತಗುಲಿದ್ದು ಸುಮಾರು 10 ಲಕ್ಷ ಪೌಂಡ್. ಅನುಭವಿ ಸಂಸ್ಥೆಯೊಂದಕ್ಕೆ ಭದ್ರತೆಯ ಹೊಣೆ ವಹಿಸಲಾಯಿತು. ಹಳೆಯ ಅಭಿಮಾನಿಗಳಿಗೆ ಸಿಟ್ಟು ಬಂತು. ಸ್ವಾತಂತ್ರ್ಯದ ಹಬ್ಬಕ್ಕೆ ಸೆರೆಮನೆಯ ಗೋಡೆಯೇ ಎಂದು ಮೂಗು ಮುರಿದರು. ಅವರ ಬೇಸರದಲ್ಲಿ ಅರ್ಥವಿಲ್ಲದಿರಲಿಲ್ಲ. ಕಾಸಿಲ್ಲದ ಎಷ್ಟೋ ಬಡ ಹುಡುಗರು ಬೇಲಿ ಹಾರಿಯೇ ಆ ಹಬ್ಬ ಕಂಡಿದ್ದರು.

ಆದರೆ ಆ 10 ಲಕ್ಷವನ್ನು ಆ ವರ್ಷದ 1,40,000 ಜನರಿಗೆ ಹಂಚಿದರೆ ತಲೆಗೆ ಬರುವುದು ಏಳು ಪೌಂಡ್‌ಗೆ ತುಸು ಹೆಚ್ಚು. ಟಿಕೆಟ್ ದರ 97 ಪೌಂಡ್ ಇತ್ತು. ಅದೇ ಬೇಲಿಯನ್ನು ಹತ್ತು ಸಾವಿರ ಜನರ ಸಣ್ಣ ಉತ್ಸವ ಹಾಕಿಸಲು ಹೊರಟರೆ? ಇಲ್ಲೊಂದು ಚಂದದ ಗಣಿತವಿದೆ. ಚೌಕಾಕಾರದ 100 ಎಕರೆ ಹೊಲದ ಸುತ್ತಳತೆ ಎರಡೂವರೆ ಕಿಲೋಮೀಟರ್‌ನಷ್ಟು. 400 ಎಕರೆಯದಾದರೆ ಐದು ಕಿಲೋಮೀಟರ್. ಎಂದರೆ ಜಾಗ ನಾಲ್ಕು ಪಟ್ಟಾದರೂ ಬೇಲಿ ಎರಡೇ ಪಟ್ಟು. ಹಬ್ಬ ದೊಡ್ಡದಾದಷ್ಟೂ ತಲೆವಾರು ಬೇಲಿಯ ಖರ್ಚು ಇಳಿಯುತ್ತದೆ. ಚೌಕದ ಬದಲು ವೃತ್ತಾಕಾರವಾದರೆ ಇನ್ನೂ ಉಳಿತಾಯ. ಎಷ್ಟೆಂದು ಪ್ರೌಢಶಾಲೆಯ ಮಕ್ಕಳೇ ಲೆಕ್ಕ ಹಾಕಬಹುದು.

ಎಲ್ಲದಕ್ಕೂ ಈ ರಿಯಾಯಿತಿ ಇಲ್ಲ. ಧ್ವನಿಯನ್ನೇ ತೆಗೆದುಕೊಳ್ಳಿ. ವೇದಿಕೆಯಿಂದ ಮುನ್ನೂರು ಮೀಟರ್ ಹಿಂದೆ ನಿಂತವನೂ ಅಷ್ಟೇ ಹಣ ಕೊಟ್ಟಿರುತ್ತಾನೆ. ಅವನಿಗೆ ಕೇಳಲೆಂದು ವೇದಿಕೆಯ ಮೇಲಿನ ಧ್ವನಿವರ್ಧಕವನ್ನೇ ಜೋರು ಮಾಡಿದರೆ ಮುಂದಿನವನ ಕಿವಿ ಹೋಗುತ್ತದೆ, ಊರಿನವರ ನಿದ್ದೆ ಕೆಡುತ್ತದೆ. ಆದ್ದರಿಂದ ಬಯಲಿನ ನಡುವೆ ಗೋಪುರ ನಿಲ್ಲಿಸಿ ಅಲ್ಲಲ್ಲಿ ಧ್ವನಿವರ್ಧಕ ಇಡುತ್ತಾರೆ. ಅದರಲ್ಲೂ ಒಂದು ತೊಡಕು. ತಂತಿಯಲ್ಲಿ ಹರಿಯುವ ವಿದ್ಯುತ್ ಸಂಕೇತ ಕಣ್ಣು ಮಿಟುಕಿಸುವುದರೊಳಗೆ ಗೋಪುರ ಮುಟ್ಟುತ್ತದೆ. ಗಾಳಿಯಲ್ಲಿ ಬರುವ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ. ನೂರು ಮೀಟರ್ ದೂರದ ಗೋಪುರದ ಬಳಿ ಒಂದೇ ಪದ ಎರಡೆರಡು ಸಲ ಕೇಳಿ ಕಲಸುಮೇಲೋಗರವಾಗುತ್ತದೆ. ಇದನ್ನು ತಪ್ಪಿಸಲು ಗೋಪುರದ ಸದ್ದನ್ನು ಬೇಕೆಂದೇ 0.3 ಸೆಕೆಂಡಿನಷ್ಟು ತಡೆದು ಬಿಡುತ್ತಾರೆ. ಜನ ಹಿಂದಕ್ಕೆ ಬೆಳೆದಂತೆಲ್ಲ ಗೋಪುರಗಳೂ ಬೆಳೆಯಬೇಕು.

ಇನ್ನು ಮಲಮೂತ್ರದ ವಿಚಾರ. ಮುಜುಗರಪಡುವುದು ಬೇಡ, ಹಬ್ಬ ನಡೆಸುವವರ ನಿಜವಾದ ಪರೀಕ್ಷೆ ಇಲ್ಲೇ. ಒಬ್ಬನಿಗೆ ದಿನಕ್ಕೆ ಒಂದೂವರೆ ಲೀಟರ್ ಎಂದರೂ ಎರಡು ಲಕ್ಷ ಜನರಿಂದ ದಿನಕ್ಕೆ 3 ಲಕ್ಷ ಲೀಟರ್ ಮೂತ್ರ, ಅಂದರೆ ಹತ್ತು ಸಾವಿರ ಲೀಟರಿನ 30 ಟ್ಯಾಂಕರ್! ಜನ ಬೇಲಿಯ ಬದಿಗೆ ಹೋಗಿ ನಿಂತರೆ ಅದು ಮಣ್ಣಿನಲ್ಲಿ ಇಳಿದು ತೊರೆ ಸೇರುತ್ತದೆ. ಮೂತ್ರದ ಯೂರಿಯಾ ಒಡೆದು ಅಮೋನಿಯ ಆಗುತ್ತದೆ; ಅದು ಮೀನಿಗೆ ವಿಷ. 2014ರಲ್ಲಿ ಹಬ್ಬದ ಮಲಿನ ನೀರಿನ ತೊಟ್ಟಿಯೊಂದು ಸೋರಿ ಪಕ್ಕದ ವೈಟ್‌ಲೇಕ್ ಎಂಬ ಹೊಳೆಗೆ ಹರಿಯಿತು. ಮೀನುಗಳು ಸತ್ತವು. 2016ರಲ್ಲಿ ನ್ಯಾಯಾಲಯ ವಿಧಿಸಿದ ದಂಡ, ಖರ್ಚು ಸೇರಿ ಸಂಸ್ಥೆ 31,000 ಪೌಂಡ್ ತೆರಬೇಕಾಯಿತು. ಅಷ್ಟು ವರ್ಷಗಳ ಅನುಭವವಿದ್ದವರಿಗೂ ಹೀಗಾಯಿತು.

ಅದಿರಲಿ, ಬೇಲಿಯ ಕಥೆಗೆ ಬರೋಣ. ಬೇಲಿ ಗಟ್ಟಿಯಾದ ಮರುವರ್ಷ, 2003ರಲ್ಲಿ, ಒಂದೂವರೆ ಲಕ್ಷ ಜನರ ಹಬ್ಬದ ಟಿಕೆಟ್‌ಗಳು ಒಂದೇ ದಿನದಲ್ಲಿ ಮಾರಿಹೋದವು. ಹಾರಿ ಹೋಗುವ ದಾರಿ ಮುಚ್ಚಿದ್ದು ಒಂದು ಕಾರಣ. ಒಳಗೆ ಜೀವಕ್ಕೆ ಅಪಾಯವಿಲ್ಲ, ಡೇರೆಯೊಳಗಿನ ಚೀಲ ಕಳವಾಗುವ ಭಯ ಕಡಿಮೆ ಎಂಬ ಧೈರ್ಯ ತಂದೆ ತಾಯಂದಿರಿಗೆ ಬಂದದ್ದು ಇನ್ನೊಂದು. ಹೆತ್ತವರ ಜೊತೆ ಬರುವ 12 ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ಟಿಕೆಟ್ ಇಲ್ಲ. ಮಗುವಾಗಿದ್ದಾಗ ತಂದೆಯ ಹೆಗಲ ಮೇಲೆ ಕುಳಿತು ಬಂದವನು ದೊಡ್ಡವನಾದ ಮೇಲೆ ಹಣ ಕೊಟ್ಟು ಬರುತ್ತಾನೆ.

ಟಿಕೆಟ್ ಬೇಗ ಮುಗಿಯುತ್ತದೆ ಎಂದ ಕೂಡಲೇ ಕಾಳಸಂತೆ ಹುಟ್ಟಿಕೊಂಡಿತು. ನೂರಕ್ಕೆ ಕೊಂಡು ಐನೂರಕ್ಕೆ ಮಾರುವ ದಲ್ಲಾಳಿಗಳು ಬಂದರು. ಇದಕ್ಕೆ 2007ರಲ್ಲಿ ಕಂಡುಕೊಂಡ ಉಪಾಯ ಸರಳ. ಟಿಕೆಟ್ ಬೇಕಾದವರು ಮೊದಲೇ ಭಾವಚಿತ್ರ ಸಮೇತ ಹೆಸರು ನೋಂದಾಯಿಸಿಕೊಳ್ಳಬೇಕು. ಟಿಕೆಟ್ ಮೇಲೆ ಆ ಭಾವಚಿತ್ರವೇ ಅಚ್ಚಾಗಿರುತ್ತದೆ. ಬೇರೆಯವರಿಗೆ ಮಾರುವಂತಿಲ್ಲ. ಬರಲಾಗದಿದ್ದರೆ ಸಂಘಟಕರಿಗೇ ಹಿಂದಿರುಗಿಸಬೇಕು. ಅವರೇ ಅದನ್ನು ಇನ್ನೊಬ್ಬರಿಗೆ ಅದೇ ದರಕ್ಕೆ ಮಾರುತ್ತಾರೆ.

ಕೆಸರಿನ ವರ್ಷ

ಇಷ್ಟೆಲ್ಲ ಆದ ಮೇಲೂ ಮುಗ್ಗರಿಸಿದ್ದುಂಟು. 2007ರ ಹಬ್ಬದಲ್ಲಿ ಮಳೆಯೋ ಮಳೆ. ಸಾಮರ್‌ಸೆಟ್ಟಿನ ಆ ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಜೇಡಿಯ ಕಣಗಳು ಬಲು ಸಣ್ಣವು; ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಇಂಗಲು ಬಿಡುವುದಿಲ್ಲ. ಲಕ್ಷಾಂತರ ಕಾಲುಗಳು ತುಳಿದರೆ ನಾಟಿ ಗದ್ದೆಯ ಹದ! ಮೊಣಕಾಲುದ್ದ ಕೆಸರಿನಲ್ಲಿ ಮೂರು ದಿನ ಕಳೆದವರು 2008ರ ಟಿಕೆಟ್ ಕೊಳ್ಳಲು ಹಿಂದೆಮುಂದೆ ನೋಡಿದರು. ಜೊತೆಗೆ ಆ ವರ್ಷ ಮುಖ್ಯ ವೇದಿಕೆಗೆ ಗಿಟಾರ್ ತಂಡದ ಬದಲು ಅಮೆರಿಕದ ರ‍್ಯಾಪ್ ಗಾಯಕ ಜೇ-ಝೀಯನ್ನು ಕರೆಸಿದ್ದಕ್ಕೆ ಟೀಕೆಗಳು. ಹಬ್ಬದ ದಿನ ಹತ್ತಿರ ಬಂದರೂ ಟಿಕೆಟ್ ಉಳಿದೇ ಇದ್ದವು.

ಈವಿಸ್ ಮತ್ತು ಅವರ ಮಗಳು ಎಮಿಲಿ ಗಾಯಕನನ್ನು ಬದಲಿಸಲಿಲ್ಲ. ಹಬ್ಬದ ಜೊತೆ ಪ್ರೇಕ್ಷಕರಿಗೂ ವಯಸ್ಸಾಗುತ್ತಿದೆ, ಹೊಸ ಹರೆಯದವರು ಬರದಿದ್ದರೆ ಮುಂದಿನ ಇಪ್ಪತ್ತು ವರ್ಷ ಬರುವವರಾರು ಎಂಬ ಯೋಚನೆ ಅವರದು. ಜೇ-ಝೀ ಬಂದು ಹಾಡಿದ, ಬಯಲು ಕಿಕ್ಕಿರಿದಿತ್ತು.

ಬದಲಿಸಿದ್ದು ಟಿಕೆಟ್ ಮಾರುವ ಕ್ರಮವನ್ನು. ಅಲ್ಲಿಯವರೆಗೆ ವಸಂತದಲ್ಲಿ ಮಾರುತ್ತಿದ್ದ ಟಿಕೆಟನ್ನು 2009ರ ಹಬ್ಬಕ್ಕೆ ಹಿಂದಿನ ಅಕ್ಟೋಬರ್‌ನಲ್ಲೇ ಮಾರಾಟಕ್ಕಿಟ್ಟರು. ಒಮ್ಮೆಗೇ ಪೂರ್ತಿ ಹಣ ಬೇಡ, 50 ಪೌಂಡ್ ಠೇವಣಿ ಇಟ್ಟರೆ ಸಾಕು, ಉಳಿದದ್ದನ್ನು ವಸಂತದಲ್ಲಿ ಕೊಡಿ ಎಂದರು. ಎಂಟು ತಿಂಗಳು ಮೊದಲೇ ಕೊಳ್ಳುವವನು ಮಳೆಯ ಮುನ್ಸೂಚನೆ ನೋಡಲಾರ, ಗಾಯಕರ ಪಟ್ಟಿಯನ್ನೂ ನೋಡಲಾರ. ಹಬ್ಬವನ್ನು ನಂಬಿ ಕೊಳ್ಳುತ್ತಾನೆ, ಅಷ್ಟೆ. ಮೊದಲ ಸಲ ಹಾಲಿನ ಹಣದಲ್ಲಿ ಕಂತು ಕಟ್ಟಿದ ರೈತ ಈಗ ಪ್ರೇಕ್ಷಕನಿಗೇ ಕಂತಿನ ಸೌಲಭ್ಯ ಕೊಟ್ಟಂತಾಯಿತು. ವಿದ್ಯಾರ್ಥಿಗಳಿಗೆ ಇದು ದೊಡ್ಡ ಅನುಕೂಲ.

ಠೇವಣಿಗೂ ಹಣವಿಲ್ಲದ ಹುಡುಗರಿಗೆ ಇನ್ನೊಂದು ಬಾಗಿಲಿದೆ. 1993ರಿಂದ ಆಕ್ಸ್‌ಫಾಮ್ ಎಂಬ ಪರಿಹಾರ ಸಂಸ್ಥೆ ಹಬ್ಬಕ್ಕೆ ಸ್ವಯಂಸೇವಕರನ್ನು ಒದಗಿಸುತ್ತ ಬಂದಿದೆ. ದಾರಿ ತೋರಿಸುವುದು, ಬಾಗಿಲು ಕಾಯುವುದು ಇವರ ಕೆಲಸ. ಎಂಟೆಂಟು ಗಂಟೆಯ ಮೂರು ಪಾಳಿ ದುಡಿದರೆ ಉಳಿದ ಹೊತ್ತು ಹಾಡು ಕೇಳಬಹುದು. ಅವರ ದುಡಿಮೆಯ ಹಣ ಆ ಸಂಸ್ಥೆಗೆ ಹೋಗುತ್ತದೆ. ಕಸ ವಿಂಗಡಿಸುವುದಕ್ಕೂ ಹೀಗೆಯೇ ಯುವಕರು ಬರುತ್ತಾರೆ. ಪಿಲ್ಟನ್ ಹಳ್ಳಿಯವರಿಗೆ ಉಚಿತ ಪ್ರವೇಶ. ಐದು ದಿನ ದಾರಿ ಕಟ್ಟಿಸಿಕೊಂಡು, ನಿದ್ದೆಗೆಟ್ಟು ಕೂರುವವರಿಗೆ ಅಷ್ಟಾದರೂ ಬೇಡವೇ?

ದರದ ಬಗ್ಗೆ ಮಾತ್ರ ತಕರಾರು ಉಳಿದೇ ಇದೆ. 1970ರ ಒಂದು ಪೌಂಡ್, ಬೆಲೆಯೇರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೂ, 2025ರಲ್ಲಿ ಇಪ್ಪತ್ತು ಪೌಂಡಿನ ಆಸುಪಾಸು. ಅದಕ್ಕೂ 373ಕ್ಕೂ ಎಲ್ಲಿಯ ಹೋಲಿಕೆ? ಅಂದು ಒಂದು ವೇದಿಕೆ, ಇಂದು ನೂರು ಎಂಬ ಸಮರ್ಥನೆ ಇದೆ. ಲಾಭದ ದೊಡ್ಡ ಪಾಲು ಆಕ್ಸ್‌ಫಾಮ್, ಗ್ರೀನ್‌ಪೀಸ್, ವಾಟರ್‌ಏಡ್‌ನಂಥ ಸಂಸ್ಥೆಗಳಿಗೆ ಸಲ್ಲುತ್ತದೆ ಎಂಬುದೂ ನಿಜ. ಆದರೂ ಕೂಲಿಕಾರನ ಮಗನಿಗೆ ಅದು ಎಟುಕದ ಹಣ್ಣು. ಹಾಡನ್ನು ಟಿ.ವಿ.ಯಲ್ಲಿ ನೋಡು ಎಂದು ಅವನಿಗೆ ಹೇಳುವುದು ಸುಲಭ.

ಹಸುಗಳ ಪಾಳಿ

ಇಷ್ಟಾದರೂ ವರ್ದಿ ಫಾರ್ಮ್ ಮೂಲತಃ ಹೈನಿನ ಜಮೀನು. ಹಬ್ಬ ಮುಗಿದ ಮೇಲೆ ಅಲ್ಲಿ ಮತ್ತೆ ಹಸುಗಳು ಮೇಯಬೇಕು. ಹುಲ್ಲಿನಲ್ಲಿ ಅಡಗಿದ ಡೇರೆಯ ಒಂದು ಲೋಹದ ಗೂಟ ಹಸುವಿನ ಹೊಟ್ಟೆ ಸೇರಿದರೆ ಕರುಳು ಸೀಳಬಹುದು. ಅದಕ್ಕಾಗಿ 2008ರಲ್ಲಿ ಮಣ್ಣಿನಲ್ಲಿ ಕರಗುವ ಗೂಟಗಳನ್ನು ಜನರಿಗೆ ಹಂಚಿದರು. 2019ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಬಾಟಲಿಗಳ ಮಾರಾಟವನ್ನೇ ನಿಲ್ಲಿಸಿದರು. ನಲ್ಲಿ ನೀರು ಹಿಡಿದುಕೊಳ್ಳಿ ಎಂದರು.

ಎಲ್ಲಕ್ಕಿಂತ ವಿಚಿತ್ರವೆಂದರೆ ಬಿಡುವಿನ ವರ್ಷ. ರೈತರು ಹೊಲವನ್ನು ಒಂದು ಹಂಗಾಮು ಬೀಳು ಬಿಡುವಂತೆ, ಕೆಲವು ವರ್ಷಗಳಿಗೊಮ್ಮೆ ಹಬ್ಬವನ್ನೇ ಬೀಳು ಬಿಡುತ್ತಾರೆ. ತುಳಿತಕ್ಕೆ ಒತ್ತಿ ಗಟ್ಟಿಯಾದ ಮಣ್ಣಿನಲ್ಲಿ ಗಾಳಿಯಾಡುವ ಸಂದುಗಳು ಮುಚ್ಚಿಹೋಗಿರುತ್ತವೆ. ಎರೆಹುಳು, ಬೇರು, ಚಳಿ, ಬಿಸಿಲು ಸೇರಿ ಅದನ್ನು ಸಡಿಲಗೊಳಿಸಲು ಸಮಯ ಬೇಕು. 2006, 2012, 2018 ಹೀಗೆ ಖಾಲಿ ಬಿಟ್ಟ ವರ್ಷಗಳು. 2020 ಮತ್ತು 2021ರಲ್ಲಿ ಕೋವಿಡ್ ಕಾರಣದಿಂದ ಹಬ್ಬ ನಡೆಯಲಿಲ್ಲ. 2026ನ್ನೂ ಬಿಡುವಿನ ವರ್ಷವೆಂದು ಮೊದಲೇ ಗೊತ್ತುಮಾಡಲಾಗಿತ್ತು. 35 ನಿಮಿಷದಲ್ಲಿ ಟಿಕೆಟ್ ಮುಗಿಯುವ ಹಬ್ಬಕ್ಕೆ ಒಂದು ಇಡೀ ವರ್ಷದ ಮಾರಾಟವನ್ನು ಹುಲ್ಲಿಗಾಗಿ ಬಿಟ್ಟುಕೊಡುವುದು!

2024ರ ಹೊಸ ವರ್ಷದ ಪಟ್ಟಿಯಲ್ಲಿ ಬ್ರಿಟಿಷ್ ದೊರೆ ಈವಿಸ್‌ಗೆ ಸರ್ ಪದವಿ ಕೊಟ್ಟರು. ಆಗ ಅವರಿಗೆ 88 ವರ್ಷ. ಹಬ್ಬದ ಮೇಲುಸ್ತುವಾರಿ ಮಗಳು ಎಮಿಲಿಯದಾಗಿತ್ತು. 2000ದಲ್ಲಿ ಕಟ್ಟಿದ ಮೂರನೇ ಪಿರಮಿಡ್ಡಿನ ಉಕ್ಕಿನ ಚೌಕಟ್ಟನ್ನು ಹಬ್ಬ ಮುಗಿದ ಮೇಲೆ ಬಿಚ್ಚುವುದಿಲ್ಲ. ಜನ ಹೋದ ಮೇಲೆ ಅದರ ಸುತ್ತಲಿನ ಹುಲ್ಲು ಚಿಗುರುತ್ತದೆ, ಹಸುಗಳು ಬಂದು ಮೇಯುತ್ತವೆ. ಬೆಳಗ್ಗೆ ಸಂಜೆ ಹಾಲು ಕರೆಯುವ ಕೆಲಸ ಎಂದಿನಂತೆ ನಡೆಯುತ್ತದೆ.